ಭೌತಶಾಸ್ತ್ರ ಜರ್ನಲ್‌ನಲ್ಲಿ ಮೊದಲ ಪೇಪರ್: ಫಲಿತಾಂಶ ಕೈಗೆ ಬಂದಲ್ಲಿಂದ ಪ್ರಕಟವಾಗುವವರೆಗೆ

1965ರಲ್ಲಿ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ 'ಆಸ್ಟ್ರೋಫಿಸಿಕಲ್ ಜರ್ನಲ್'ನಲ್ಲಿ ಒಂದು ಪುಟ್ಟ ಪೇಪರ್ ಪ್ರಕಟಿಸಿದರು. ಇಡೀ ಬರಹ ಮೂರು ಪುಟ ದಾಟುವುದಿಲ್ಲ. ಶೀರ್ಷಿಕೆಯಲ್ಲಿ ವಿಶ್ವದ ಮಾತಿಲ್ಲ, ಮಹಾಸ್ಫೋಟದ ಮಾತಿಲ್ಲ. 4080 ಮೆಗಾಸೈಕಲ್ ಆವರ್ತನದಲ್ಲಿ ಆಂಟೆನಾದ ತಾಪಮಾನ ಎಷ್ಟು ಹೆಚ್ಚಿದೆ ಎಂಬ ಅಳತೆಯ ಸುದ್ದಿ ಅಷ್ಟೇ. ಆಂಟೆನಾವನ್ನು ನೆತ್ತಿಯ ಕಡೆ ತಿರುಗಿಸಿದಾಗ ಒಟ್ಟು 6.7 ಕೆಲ್ವಿನ್ ಸಿಕ್ಕಿತು. ಅದರಲ್ಲಿ ವಾತಾವರಣದ ಪಾಲು 2.3. ಆಂಟೆನಾದೊಳಗಿನ ನಷ್ಟ ಮತ್ತು ಹಿಂಬದಿಯಿಂದ ನುಸುಳುವ ಸಂಕೇತದ ಪಾಲು 0.9. ಉಳಿದ 3.5 ಕೆಲ್ವಿನ್ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಲೆಕ್ಕ ಸಿಗಲಿಲ್ಲ. ಅದರ ಅನಿಶ್ಚಿತತೆ ±1.0 ಕೆಲ್ವಿನ್ ಎಂದು ಬರೆದರು. ಅದು ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬರುತ್ತಿದೆ, ಋತು ಬದಲಾದರೂ ಬದಲಾಗುತ್ತಿಲ್ಲ ಎಂದು ಬರೆದರು. ಕಾರಣ ಏನಿರಬಹುದು ಎಂಬ ಪ್ರಶ್ನೆಗೆ ಅದೇ ಸಂಚಿಕೆಯಲ್ಲಿ, ಇದು ಮಹಾಸ್ಫೋಟದಿಂದ ಉಳಿದ ವಿಕಿರಣ ಇರಬಹುದು ಎಂದು ವಾದಿಸಿದ್ದ ಡಿಕಿ, ಪೀಬಲ್ಸ್, ರೋಲ್ ಮತ್ತು ವಿಲ್ಕಿನ್ಸನ್ ಅವರ ಪೇಪರ್ ಕಡೆ ಬೆರಳು ತೋರಿಸಿ ನಿಲ್ಲಿಸಿದರು. ಈ ಅಳತೆಗೆ 1978ರಲ್ಲಿ ನೊಬೆಲ್ ಬಂತು.

ಮೊದಲ ಪೇಪರ್ ಬರೆಯಲು ಹೊರಟವರು ಈ ಮೂರು ಪುಟಗಳನ್ನು ಓದಬೇಕೆಂದು ನನ್ನ ಆಸೆ. ಅಲ್ಲಿರುವುದು ಒಂದೇ ಹೇಳಿಕೆ, ಅದನ್ನು ಹೊರುವಷ್ಟು ಪುರಾವೆ. ಪುರಾವೆ ಎಲ್ಲಿ ಮುಗಿಯಿತೋ ಮಾತೂ ಅಲ್ಲಿಗೇ ಮುಗಿದಿದೆ. ಜರ್ನಲ್‌ನಲ್ಲಿ ಪ್ರಕಟಿಸುವುದೆಂದರೆ ಅಂಥ ಒಂದು ಹೇಳಿಕೆಯನ್ನು ಹುಡುಕಿಕೊಂಡು, ಬಿಗಿ ಮಾಡಿ, ಅದರಲ್ಲಿ ಹುಳುಕು ಹುಡುಕುವವರ ಕೈಗೇ ಒಪ್ಪಿಸುವುದು. ಕೆಳಗಿನ ಹಂತಗಳೆಲ್ಲ ಆ ಕೆಲಸದ ಭಾಗಗಳೇ.

ಹಂತ 1: ಹೇಳಿಕೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಪೀಠಿಕೆ ಬರೆಯಲು ಕೂರುವ ಮೊದಲು ಖಾಲಿ ಹಾಳೆಯ ಮೇಲೆ ಒಂದು ವಾಕ್ಯ ಬರೆಯಿರಿ: ನಾವು ಕಂಡುಕೊಂಡದ್ದು ಏನು? "ತೆಳು ಲೋಹಪದರಗಳ ವಿದ್ಯುತ್ ಗುಣಗಳನ್ನು ಅಧ್ಯಯನ ಮಾಡಿದೆವು" ಎಂದು ಬಂದರೆ ಪೇಪರ್ ಇನ್ನೂ ಸಿದ್ಧವಾಗಿಲ್ಲ. ಅದು ನೀವು ಮಾಡಿದ ಕೆಲಸದ ವರದಿ. "ಪದರದ ದಪ್ಪ 10 ನ್ಯಾನೋಮೀಟರ್‌ಗಿಂತ ಕಡಿಮೆಯಾದಾಗ ರೋಧಶೀಲತೆ ಈವರೆಗಿನ ಸಿದ್ಧಾಂತ ಹೇಳುವುದಕ್ಕಿಂತ ವೇಗವಾಗಿ ಏರುತ್ತದೆ, ಮೇಲ್ಮೈಯ ಒರಟುತನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ವ್ಯತ್ಯಾಸ ಮಾಯವಾಗುತ್ತದೆ" ಎಂದು ಬಂದರೆ ಕೈಯಲ್ಲಿ ಪೇಪರ್ ಇದೆ. ಎರಡನೆಯ ವಾಕ್ಯವನ್ನು ಯಾರಾದರೂ ಪರೀಕ್ಷಿಸಿ ತಪ್ಪೆಂದು ತೋರಿಸಬಹುದು. ಮೊದಲನೆಯದನ್ನು ತಪ್ಪೆಂದು ತೋರಿಸಲು ಸಾಧ್ಯವೇ ಇಲ್ಲ, ಏಕೆಂದರೆ ಅದು ಏನನ್ನೂ ಹೇಳುತ್ತಿಲ್ಲ.

ಹೊಸತು ಎಂದರೆ ಜಗತ್ತನ್ನೇ ತಲೆಕೆಳಗು ಮಾಡುವಂಥದ್ದು ಎಂದೇನಿಲ್ಲ. ಹಳೆಯ ಅಳತೆಯನ್ನು ಹೆಚ್ಚು ನಿಖರವಾಗಿ ಮಾಡುವುದು ಹೊಸತು. ಗೊತ್ತಿದ್ದ ಫಲಿತಾಂಶಕ್ಕೆ ಚಿಕ್ಕದಾದ ರುಜುವಾತು ಕೊಡುವುದು, ಹಿಂದೆ ಅಂದಾಜಿನಲ್ಲಿ ಬಿಡಿಸಿದ ಸಮೀಕರಣವನ್ನು ಪೂರ್ತಿ ಬಿಡಿಸುವುದು, ಹೊಸ ಉಪಕರಣ ಅಥವಾ ಹೊಸ ಗಣನಾ ವಿಧಾನ ಕೊಡುವುದು ಎಲ್ಲವೂ ಹೊಸತೇ. ಹುಡುಕಿದ್ದು ಸಿಗದೇ ಹೋದದ್ದೂ ಫಲಿತಾಂಶವೇ: ಡಾರ್ಕ್ ಮ್ಯಾಟರ್ ಕಣಗಳನ್ನು ಅರಸುವ ಪ್ರಯೋಗಗಳು ದಶಕಗಳಿಂದ ಪ್ರಕಟಿಸುತ್ತ ಬಂದಿರುವುದು ಬಹುಪಾಲು 'ಇದಕ್ಕಿಂತ ಹೆಚ್ಚು ಇರಲಾರದು' ಎಂಬ ಮಿತಿಗಳನ್ನು.

ವಾಕ್ಯ ಎರಡಾಗಿ ಸೀಳಿಕೊಂಡರೆ, ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಅವು ಎರಡು ಪೇಪರ್. ಆದರೆ ಒಂದೇ ಫಲಿತಾಂಶವನ್ನು ಸಂಖ್ಯೆ ಹೆಚ್ಚಿಸುವುದಕ್ಕೆಂದು ನಾಲ್ಕು ತುಂಡು ಮಾಡಿದರೆ ಸಂಪಾದಕರಿಗೆ ತಕ್ಷಣ ಗೊತ್ತಾಗುತ್ತದೆ.

ಹಂತ 2: ಇದನ್ನು ಬೇರೆಯವರು ಆಗಲೇ ಮಾಡಿದ್ದಾರೆಯೇ ನೋಡಿ

ಖಗೋಳ ಮತ್ತು ಖಭೌತ ವಿಜ್ಞಾನಕ್ಕೆ ನಾಸಾದ ಎಡಿಎಸ್, ಕಣಭೌತಶಾಸ್ತ್ರಕ್ಕೆ ಇನ್‌ಸ್ಪೈರ್, ಎಲ್ಲದಕ್ಕೂ ಗೂಗಲ್ ಸ್ಕಾಲರ್: ಮೂರೂ ಉಚಿತ. ಪದ ಹಾಕಿ ಹುಡುಕುವುದು ಆರಂಭ ಮಾತ್ರ. ನಿಮ್ಮ ವಿಷಯಕ್ಕೆ ತೀರ ಹತ್ತಿರದ ಒಂದು ಒಳ್ಳೆಯ ಪೇಪರ್ ಹಿಡಿಯಿರಿ. ಅದು ಯಾರನ್ನು ಉಲ್ಲೇಖಿಸಿದೆ ಎಂದು ಹಿಂದಕ್ಕೆ ಹೋಗಿ, ಅದನ್ನು ಯಾರೆಲ್ಲ ಉಲ್ಲೇಖಿಸಿದ್ದಾರೆ ಎಂದು ಮುಂದಕ್ಕೆ ಬನ್ನಿ. ಹೊಸಬರು ಮರೆಯುವುದು ಈ ಎರಡನೆಯದನ್ನು. ಹೋದ ತಿಂಗಳು ಇದೇ ಸಮಸ್ಯೆಯನ್ನು ಬೇರೆ ಗುಂಪು ಬಿಡಿಸಿದ್ದರೆ ಅದು ಕಾಣುವುದು ಇಲ್ಲೇ.

ಓದುತ್ತ ಹೋದ ಹಾಗೆ ಪ್ರತಿ ಪೇಪರ್‌ಗೂ ಎರಡು ಸಾಲು ಬರೆದಿಟ್ಟುಕೊಳ್ಳಿ: ಅವರು ತೋರಿಸಿದ್ದೇನು, ಬಿಟ್ಟದ್ದೇನು. ಮುಂದೆ ಪೀಠಿಕೆ ಬರೆಯುವಾಗ ಈ ಸಾಲುಗಳೇ ಕೈ ಹಿಡಿಯುತ್ತವೆ. ಓದದ ಪೇಪರನ್ನು ಬೇರೆಯವರ ಉಲ್ಲೇಖ ನೋಡಿ ಎತ್ತಿಕೊಳ್ಳಬೇಡಿ. ಆ ಪೇಪರ್ ಬರೆದವರೇ ನಿಮ್ಮ ರೆಫರಿ (ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ತಜ್ಞರು) ಆಗಿರುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಹಂತ 3: ಫಲಿತಾಂಶವನ್ನು ನೀವೇ ಕೆಡವಲು ಪ್ರಯತ್ನಿಸಿ

ಇಡೀ ದಾರಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಬರವಣಿಗೆ ಒರಟಾಗಿದ್ದರೆ ತಿದ್ದಬಹುದು. ಫಲಿತಾಂಶವೇ ಅಲುಗಾಡುತ್ತಿದ್ದರೆ ಯಾವ ಬರವಣಿಗೆಯೂ ಅದನ್ನು ಉಳಿಸದು.

ಪ್ರಯೋಗ ಮಾಡುವವರು ಅನಿಶ್ಚಿತತೆಯ ಪಟ್ಟಿಯಿಂದ ಆರಂಭಿಸಬೇಕು. ಮತ್ತೆ ಮತ್ತೆ ಅಳೆದಾಗ ಅಂಕಿ ಅತ್ತಿತ್ತ ಚದುರುವುದು ಒಂದು ಬಗೆ. ಅಳತೆಗಳ ಸಂಖ್ಯೆ ಹೆಚ್ಚಿಸಿದರೆ ಸರಾಸರಿಯ ಮೇಲೆ ಅದರ ಪ್ರಭಾವ ಇಳಿಯುತ್ತದೆ. ಉಪಕರಣದ ಕ್ಯಾಲಿಬ್ರೇಶನ್ ತಪ್ಪಿದ್ದರೆ, ಹಿನ್ನೆಲೆಯ ಸಂಕೇತವನ್ನು ಸರಿಯಾಗಿ ಕಳೆಯದಿದ್ದರೆ, ಸಾವಿರ ಸಲ ಅಳೆದರೂ ಅದೇ ತಪ್ಪು ಸಾವಿರ ಸಲ ಬರುತ್ತದೆ. ಇದು ವ್ಯವಸ್ಥಿತ ದೋಷ. ಎರಡನ್ನೂ ಬೇರೆ ಬೇರೆಯಾಗಿ ಬರೆದು, ಪ್ರತಿಯೊಂದರ ಪಾಲು ಎಷ್ಟು, ಆ ಅಂಕಿ ಎಲ್ಲಿಂದ ಬಂತು ಎಂದು ಪಟ್ಟಿ ಮಾಡಿ. ಪೆನ್ಜಿಯಾಸ್ ಮತ್ತು ವಿಲ್ಸನ್ 6.7ರಲ್ಲಿ 2.3 ಮತ್ತು 0.9 ಕಳೆದದ್ದು ಇಂಥ ಪಟ್ಟಿಯಿಂದಲೇ.

ವ್ಯವಸ್ಥಿತ ದೋಷ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಒಪೇರಾ ಪ್ರಯೋಗವನ್ನು ನೋಡಿ. 2011ರ ಸೆಪ್ಟೆಂಬರ್‌ನಲ್ಲಿ ಆ ತಂಡ ಒಂದು ಅಳತೆ ಪ್ರಕಟಿಸಿತು: ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯದವರೆಗಿನ ಸುಮಾರು 730 ಕಿಲೋಮೀಟರ್ ದಾರಿಯಲ್ಲಿ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ತಲುಪುತ್ತಿವೆ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಫಲಿತಾಂಶ 6 ಸಿಗ್ಮಾ ಗಟ್ಟಿಯಾಗಿತ್ತು, ಅಂದರೆ ಅಂದಾಜಿಸಿದ ಅನಿಶ್ಚಿತತೆಯ ಆರು ಪಟ್ಟು. ಕಣಭೌತಶಾಸ್ತ್ರದಲ್ಲಿ ಶೋಧ ಎನ್ನಲು 5 ಸಿಗ್ಮಾ ಸಾಕು. ಅಂದರೆ ಬರೀ ಆಕಸ್ಮಿಕವಾಗಿ ಅಷ್ಟು ದೊಡ್ಡ ಸಂಕೇತ ಬರುವ ಸಂಭವ ಸುಮಾರು 35 ಲಕ್ಷದಲ್ಲಿ ಒಂದು. ಆದರೂ ಫಲಿತಾಂಶ ನಿಲ್ಲಲಿಲ್ಲ. ಜಿಪಿಎಸ್ ಸಮಯ ತರುವ ಆಪ್ಟಿಕಲ್ ಫೈಬರ್‌ನ ಕನೆಕ್ಟರ್ ಸರಿಯಾಗಿ ಬಿಗಿದಿರಲಿಲ್ಲ ಎಂದು ಮರುವರ್ಷ ತಿಳಿಯಿತು. ತಂಡದವರು ಮೊದಲೇ ತಮ್ಮ ವಿಧಾನವನ್ನೆಲ್ಲ ಬಿಚ್ಚಿಟ್ಟು, ದೋಷ ಹುಡುಕಿಕೊಡಿ ಎಂದು ಎಲ್ಲರನ್ನೂ ಕೇಳಿಕೊಂಡಿದ್ದರು. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು. ಆದರೆ ಸಿಗ್ಮಾ ಎಷ್ಟೇ ದೊಡ್ಡದಿದ್ದರೂ ಸಡಿಲವಾದ ಕೇಬಲ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಆದ್ದರಿಂದ ಫಲಿತಾಂಶ ಬದಲಾಗಬಾರದು ಎನ್ನುವಂಥ ಪರೀಕ್ಷೆಗಳನ್ನು ಮಾಡಿ. ಸ್ಯಾಂಪಲ್ ತೆಗೆದು ಖಾಲಿ ಅಳೆಯಿರಿ. ಪ್ರವಾಹದ ದಿಕ್ಕು ತಿರುಗಿಸಿ. ದತ್ತಾಂಶವನ್ನು ಎರಡು ಭಾಗ ಮಾಡಿ ಎರಡರಲ್ಲೂ ಅದೇ ಉತ್ತರ ಬರುತ್ತದೆಯೇ ನೋಡಿ. ವಿಶ್ಲೇಷಣೆಯ ಕೋಡ್ ಅನ್ನು ಗುಂಪಿನ ಇನ್ನೊಬ್ಬರು, ನಿಮ್ಮದನ್ನು ನೋಡದೆ, ಹೊಸದಾಗಿ ಬರೆಯಲಿ. ಸಾಧ್ಯವಿದ್ದರೆ ಕೊನೆಯ ಅಂಕಿಯನ್ನು ಮುಚ್ಚಿಟ್ಟು ವಿಶ್ಲೇಷಣೆಯ ಕ್ರಮವನ್ನೆಲ್ಲ ಮೊದಲು ನಿಗದಿ ಮಾಡಿಕೊಳ್ಳಿ. ಬೇಕಾದ ಉತ್ತರ ಕಣ್ಣ ಮುಂದಿದ್ದರೆ, ಅದು ಬಂದ ಕ್ಷಣವೇ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುವುದು ಮನುಷ್ಯ ಸ್ವಭಾವ.

ಸಿದ್ಧಾಂತದವರಿಗೂ ವಿನಾಯಿತಿ ಇಲ್ಲ. ನಿಮ್ಮ ಸೂತ್ರದಲ್ಲಿ ಬೆಳಕಿನ ವೇಗವನ್ನು ಅನಂತ ಮಾಡಿದರೆ ನ್ಯೂಟನ್‌ನ ಫಲಿತಾಂಶ ಬರುತ್ತದೆಯೇ? ಪರಸ್ಪರ ಕ್ರಿಯೆಯನ್ನು ಸೊನ್ನೆ ಮಾಡಿದರೆ ಗೊತ್ತಿರುವ ಉತ್ತರ ಸಿಗುತ್ತದೆಯೇ? ಆಯಾಮಗಳು ಸರಿಹೊಂದುತ್ತವೆಯೇ? ಸಿಮ್ಯುಲೇಶನ್ ಆದರೆ ಗ್ರಿಡ್ಡಿನ ಬಿಂದುಗಳ ನಡುವಿನ ಅಂತರವನ್ನು ಅರ್ಧಕ್ಕಿಳಿಸಿ, ಕಾಲದ ಹೆಜ್ಜೆಯನ್ನು ಅರ್ಧಕ್ಕಿಳಿಸಿ. ಉತ್ತರ ಸರಿದಾಡಿದರೆ ಅದು ಪ್ರಕೃತಿಯ ಉತ್ತರವಲ್ಲ, ಗ್ರಿಡ್ಡಿನ ಉತ್ತರ.

ಕಚ್ಚಾ ದತ್ತಾಂಶ ಮತ್ತು ಪ್ರಯೋಗಾಲಯದ ನೋಟ್‌ಬುಕ್ ಎರಡನ್ನೂ ಜೋಪಾನ ಮಾಡಿ. 2002ರಲ್ಲಿ ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶೋನ್ ಅವರ ವಂಚನೆ ಬಯಲಾದದ್ದು ಬೇರೆ ಬೇರೆ ಪ್ರಯೋಗಗಳದ್ದೆಂದು ಹೇಳಿದ ಗ್ರಾಫ್‌ಗಳಲ್ಲಿ ಒಂದೇ ನಾಯ್ಸ್ (ಅಳತೆಯ ಆಕಸ್ಮಿಕ ಏರಿಳಿತ), ಚುಕ್ಕೆ ಚುಕ್ಕೆಗೂ ಹೊಂದುವಂತೆ, ಇತರರ ಕಣ್ಣಿಗೆ ಬಿದ್ದಾಗ. ತನಿಖೆಯವರು ಕೇಳಿದಾಗ ತೋರಿಸಲು ಕಚ್ಚಾ ದತ್ತಾಂಶವೇ ಇರಲಿಲ್ಲ. ನಿಮ್ಮ ಮೇಲೆ ಯಾರೂ ಅನುಮಾನ ಪಡದಿರಬಹುದು, ಆದರೂ ರೆಫರಿ ಒಂದು ಗ್ರಾಫಿನ ಮೂಲ ಕೇಳಿದರೆ ಒಂದು ಗಂಟೆಯೊಳಗೆ ತೆಗೆದು ಕೊಡುವ ಹಾಗಿರಬೇಕು.

ಹಂತ 4: ಲೇಖಕರ ಪಟ್ಟಿ ಮೊದಲೇ ಮಾತಾಡಿ

ಕರಡು ಮುಗಿದ ಮೇಲೆ ಈ ಮಾತು ತೆಗೆದರೆ ಮನಸ್ತಾಪ ಖಂಡಿತ. ಕೆಲಸಕ್ಕೆ ನಿಜವಾದ ಬೌದ್ಧಿಕ ಕೊಡುಗೆ ಕೊಟ್ಟು, ಫಲಿತಾಂಶದ ಹೊಣೆ ಹೊರಲು ಸಿದ್ಧರಿರುವವರು ಲೇಖಕರು. ಉಪಕರಣ ಕೊಟ್ಟವರಿಗೆ, ಹಣ ಕೊಟ್ಟವರಿಗೆ, ಕರಡು ಓದಿ ಸಲಹೆ ಕೊಟ್ಟವರಿಗೆ ಕೃತಜ್ಞತೆಯ ಭಾಗವಿದೆ. ಹೆಸರಿನ ಕ್ರಮ ಶಾಖೆಯಿಂದ ಶಾಖೆಗೆ ಬೇರೆ. ಘನವಸ್ತು ಭೌತಶಾಸ್ತ್ರದಲ್ಲಿ ಹೆಚ್ಚು ಕೆಲಸ ಮಾಡಿದವರ ಹೆಸರು ಮೊದಲು, ಗುಂಪಿನ ಹಿರಿಯರದ್ದು ಸಾಮಾನ್ಯವಾಗಿ ಕೊನೆಗೆ. ಕಣಭೌತಶಾಸ್ತ್ರದ ಸಿದ್ಧಾಂತದಲ್ಲಿ ಅಕಾರಾದಿಯೇ ರೂಢಿ. ದೊಡ್ಡ ಪ್ರಯೋಗಗಳಲ್ಲೂ ಹಾಗೆಯೇ: 2015ರಲ್ಲಿ ಸರ್ನ್‌ನ ಎರಡು ಪ್ರಯೋಗಗಳಾದ ಅಟ್ಲಾಸ್ ಮತ್ತು ಸಿಎಮ್‌ಎಸ್ ಸೇರಿ ಹಿಗ್ಸ್ ಕಣದ ರಾಶಿಯ ಬಗ್ಗೆ ಪ್ರಕಟಿಸಿದ ಪೇಪರ್‌ನಲ್ಲಿ 5,154 ಲೇಖಕರಿದ್ದಾರೆ, ವಿಜ್ಞಾನಕ್ಕಿಂತ ಹೆಸರುಗಳಿಗೇ ಹೆಚ್ಚು ಪುಟ ಹಿಡಿದಿದೆ.

ಎಲ್ಲರೂ ಆರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಿ. 16 ಅಂಕಿಯ ಈ ಗುರುತು ಉಚಿತ, ಒಂದೇ ಹೆಸರಿನ ಇಬ್ಬರ ಪೇಪರ್‌ಗಳು ಬೆರೆತುಹೋಗುವುದನ್ನು ತಪ್ಪಿಸುತ್ತದೆ. ಚಾಟ್‌ಬಾಟ್‌ಗಳನ್ನು ಲೇಖಕರೆಂದು ಸೇರಿಸುವಂತಿಲ್ಲ, ಏಕೆಂದರೆ ಅವು ಹೊಣೆ ಹೊರಲಾರವು. ಬಳಸಿದ್ದರೆ ಎಲ್ಲಿ, ಹೇಗೆ ಎಂದು ತಿಳಿಸಬೇಕೆಂದು ಬಹಳ ಪ್ರಕಾಶಕರು ಕೇಳುತ್ತಾರೆ.

ಹಂತ 5: ಜರ್ನಲ್ ಆರಿಸಿ

ಬರೆದು ಮುಗಿಸಿ ಆಮೇಲೆ ಜರ್ನಲ್ ಹುಡುಕುವುದು ತಲೆಕೆಳಗಾದ ಕ್ರಮ. ಓದುಗರು ಯಾರೆಂದು ಗೊತ್ತಿಲ್ಲದೆ ಪೀಠಿಕೆ ಬರೆಯಲಾಗದು. ದಾರಿ ಸುಲಭ: ನೀವು ಉಲ್ಲೇಖಿಸಲಿರುವ ಪೇಪರ್‌ಗಳು ಎಲ್ಲಿ ಬಂದಿವೆ ಎಂದು ಎಣಿಸಿ. ಹೆಚ್ಚು ಸಲ ಬರುವ ಎರಡು ಮೂರು ಹೆಸರುಗಳಲ್ಲೇ ನಿಮ್ಮ ಓದುಗರಿದ್ದಾರೆ.

ಭೌತಶಾಸ್ತ್ರದಲ್ಲಿ ಕಣ್ಣಿಗೆ ಮೊದಲು ಬೀಳುವುದು ಅಮೆರಿಕನ್ ಫಿಸಿಕಲ್ ಸೊಸೈಟಿಯ 'ಫಿಸಿಕಲ್ ರಿವ್ಯೂ' ಕುಟುಂಬ. 1893ರಲ್ಲಿ ಆರಂಭವಾದ ಜರ್ನಲ್ ಈಗ ಕವಲೊಡೆದಿದೆ: ಎ ಪರಮಾಣು ಮತ್ತು ದ್ಯುತಿವಿಜ್ಞಾನಕ್ಕೆ, ಬಿ ಘನವಸ್ತುವಿಗೆ, ಸಿ ನ್ಯೂಕ್ಲಿಯರ್‌ಗೆ, ಡಿ ಕಣ, ಗುರುತ್ವ ಮತ್ತು ವಿಶ್ವವಿಜ್ಞಾನಕ್ಕೆ, ಇ ಸಂಖ್ಯಾಶಾಸ್ತ್ರೀಯ ಭೌತಶಾಸ್ತ್ರ ಮತ್ತು ಮೃದುವಸ್ತುವಿಗೆ. 1958ರಲ್ಲಿ ಹುಟ್ಟಿದ 'ಫಿಸಿಕಲ್ ರಿವ್ಯೂ ಲೆಟರ್ಸ್' ಎಲ್ಲ ಶಾಖೆಗಳವರೂ ಓದುವಂಥ ಪುಟ್ಟ ಪೇಪರ್‌ಗಳಿಗೆ. ಅಲ್ಲಿನ ಮಿತಿ 3,750 ಪದ. ಕಣಭೌತಶಾಸ್ತ್ರಕ್ಕೆ 'ಜರ್ನಲ್ ಆಫ್ ಹೈ ಎನರ್ಜಿ ಫಿಸಿಕ್ಸ್', ಖಗೋಳಕ್ಕೆ 'ಆಸ್ಟ್ರೋಫಿಸಿಕಲ್ ಜರ್ನಲ್', 'ಅಸ್ಟ್ರಾನಮಿ ಆ್ಯಂಡ್ ಆಸ್ಟ್ರೋಫಿಸಿಕ್ಸ್' ಇವೆ. ಬೋಧನೆಗೆ ನೆರವಾಗುವ ಹೊಸ ವಿವರಣೆ ಅಥವಾ ಸರಳ ಪ್ರಯೋಗವಾದರೆ 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್', 'ಯುರೋಪಿಯನ್ ಜರ್ನಲ್ ಆಫ್ ಫಿಸಿಕ್ಸ್', 'ಫಿಸಿಕ್ಸ್ ಎಜುಕೇಶನ್' ನೋಡಿ. ಇವನ್ನು ಎರಡನೇ ದರ್ಜೆ ಎಂದು ತಿಳಿಯಬೇಡಿ. ಬಿಸಿ ದ್ರವ ತಣ್ಣನೆಯದಕ್ಕಿಂತ ಬೇಗ ಹೆಪ್ಪುಗಟ್ಟುವುದನ್ನು ಶಾಲಾಬಾಲಕನಾಗಿದ್ದಾಗ ಗಮನಿಸಿದ ಟಾಂಜಾನಿಯಾದ ಎರಾಸ್ಟೊ ಎಂಪೆಂಬಾ, ಭೌತಶಾಸ್ತ್ರ ಪ್ರಾಧ್ಯಾಪಕ ಡೆನಿಸ್ ಓಸ್ಬೋರ್ನ್ ಜೊತೆ 1969ರಲ್ಲಿ ಬರೆದದ್ದು 'ಫಿಸಿಕ್ಸ್ ಎಜುಕೇಶನ್'ನಲ್ಲೇ. ಎಂಪೆಂಬಾ ಪರಿಣಾಮದ ಬಗ್ಗೆ ಪೇಪರ್‌ಗಳು ಇವತ್ತಿಗೂ ಬರುತ್ತಿವೆ.

ಮೊದಲ ಪೇಪರ್ ಲೆಟರ್ಸ್‌ಗೇ ಹೋಗಬೇಕು ಎಂಬ ಹಟ ಬೇಡ. ಹೇಳಿಕೆಗೆ ಜಾಗ ಬೇಕಿದ್ದರೆ, ವಿಧಾನವನ್ನು ವಿವರವಾಗಿ ಹೇಳಬೇಕಿದ್ದರೆ, ಉದ್ದದ ಪೇಪರ್ ತೆಗೆದುಕೊಳ್ಳುವ ಜರ್ನಲ್ಲೇ ಸರಿ. ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನ ಪೇಪರ್‌ಗಳಿಗೆ ಸಿಗುವ ಉಲ್ಲೇಖಗಳ ಸರಾಸರಿಯನ್ನು ಹೇಳುತ್ತದೆಯೇ ಹೊರತು ನಿಮ್ಮ ಪೇಪರ್‌ನ ಯೋಗ್ಯತೆಯನ್ನಲ್ಲ.

ಹಣದ ವಿಷಯವನ್ನು ಸಲ್ಲಿಸುವ ಮುನ್ನವೇ ನೋಡಿ. ಚಂದಾದಿಂದ ನಡೆಯುವ ಜರ್ನಲ್‌ಗಳಲ್ಲಿ ಲೇಖಕರು ಸಾಮಾನ್ಯವಾಗಿ ಏನೂ ಕೊಡಬೇಕಿಲ್ಲ. ಪೂರ್ತಿ ಮುಕ್ತ ಪ್ರವೇಶದವು, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದವು, ಹೆಚ್ಚಾಗಿ ಲೇಖಕರಿಂದ ಶುಲ್ಕ ಕೇಳುತ್ತವೆ. ಹೈಬ್ರಿಡ್ ಜರ್ನಲ್‌ಗಳು ಎರಡೂ ದಾರಿ ಕೊಡುತ್ತವೆ. ನಿಮ್ಮ ಸಂಸ್ಥೆಗೆ ಪ್ರಕಾಶಕರೊಂದಿಗೆ ಒಪ್ಪಂದವಿದೆಯೇ, ಶುಲ್ಕ ಮನ್ನಾ ಸಿಗುತ್ತದೆಯೇ ಎಂದು ಗ್ರಂಥಾಲಯದಲ್ಲಿ ಕೇಳಿ. ಕಣಭೌತಶಾಸ್ತ್ರದವರಿಗೆ 2014ರಿಂದ ನಡೆಯುತ್ತಿರುವ ಸ್ಕೋಪ್3 ಒಕ್ಕೂಟ ಪ್ರಮುಖ ಜರ್ನಲ್‌ಗಳ ಶುಲ್ಕವನ್ನು ತಾನೇ ಭರಿಸುತ್ತದೆ. 2016ರಲ್ಲಿ ಹೊರಬರಲು ಆರಂಭಿಸಿದ 'ಸೈಪೋಸ್ಟ್ ಫಿಸಿಕ್ಸ್' ಓದುವವರಿಂದಲೂ ಬರೆಯುವವರಿಂದಲೂ ಹಣ ಕೇಳುವುದಿಲ್ಲ, ರೆಫರಿ ವರದಿಗಳನ್ನೂ ಬಹಿರಂಗವಾಗಿಡುತ್ತದೆ. ಈ ಮಾದರಿ ಹೆಚ್ಚಾಗಬೇಕೆಂದು ನನ್ನ ಬಯಕೆ.

'ಮಾನ್ಯರೇ, ನಿಮ್ಮ ಅಮೂಲ್ಯ ಸಂಶೋಧನೆಯನ್ನು ಒಂದು ವಾರದಲ್ಲಿ ಪ್ರಕಟಿಸುತ್ತೇವೆ' ಎಂದು ಇಮೇಲ್ ಬಂದರೆ ಅಳಿಸಿಬಿಡಿ. ಒಂದು ವಾರದಲ್ಲಿ ನಿಜವಾದ ಪರಿಶೀಲನೆ ಆಗದು. ಸಂದೇಹವಿದ್ದರೆ ಆ ಜರ್ನಲ್‌ನ ಹಳೆಯ ಪೇಪರ್‌ಗಳನ್ನು ಓದಿ, ಸಂಪಾದಕ ಮಂಡಳಿಯಲ್ಲಿರುವವರು ತಮ್ಮ ಸ್ವಂತ ಪುಟದಲ್ಲಿ ಅದನ್ನು ಹೇಳಿಕೊಂಡಿದ್ದಾರೆಯೇ ನೋಡಿ, ಮುಕ್ತ ಪ್ರವೇಶದ ಜರ್ನಲ್ ಆದರೆ ಅಂಥವುಗಳ ಡಿಒಎಜೆ ಪಟ್ಟಿಯಲ್ಲಿದೆಯೇ ಪರೀಕ್ಷಿಸಿ.

ಹಂತ 6: ಚಿತ್ರಗಳಿಂದ ಬರೆಯಲು ಆರಂಭಿಸಿ

ರೆಫರಿಯಾಗಿ ಪೇಪರ್ ಕೈಗೆ ಬಂದಾಗ ನಾನು ಸಾರಾಂಶ ಓದಿ ನೇರ ಚಿತ್ರಗಳಿಗೆ ಹೋಗುತ್ತೇನೆ. ಬಹಳ ಜನ ಹಾಗೇ ಓದುತ್ತಾರೆ. ಹಾಗಾಗಿ ಬರೆಯುವಾಗಲೂ ನಾಲ್ಕೈದು ಚಿತ್ರಗಳನ್ನು ಮೊದಲು ಸಾಲಾಗಿ ಜೋಡಿಸಿ. ಅವನ್ನಷ್ಟೇ ನೋಡಿದರೂ ಹೇಳಿಕೆ ಅರ್ಥವಾಗಬೇಕು. ಅಕ್ಷಗಳಿಗೆ ಹೆಸರು ಮತ್ತು ಏಕಮಾನ, ಬಿಂದುಗಳಿಗೆ ಅನಿಶ್ಚಿತತೆ ತೋರಿಸುವ ಎರರ್ ಬಾರ್, ಎರರ್ ಬಾರ್ ಎಂದರೆ ಏನೆಂದು ಕೆಳಗಿನ ವಿವರಣೆಯಲ್ಲಿ ಒಂದು ಮಾತು: ಒಂದು ಸಿಗ್ಮಾವೋ, 95 ಶೇಕಡಾ ವ್ಯಾಪ್ತಿಯೋ? 'ಫಿಸಿಕಲ್ ರಿವ್ಯೂ'ನಲ್ಲಿ ಒಂದು ಕಾಲಮ್‌ನ ಅಗಲ 8.6 ಸೆಂಟಿಮೀಟರ್. ಪರದೆಯ ತುಂಬ ಹಿಗ್ಗಿಸಿ ಮಾಡಿದ ಗ್ರಾಫ್ ಆ ಅಗಲಕ್ಕೆ ಕುಗ್ಗಿದಾಗ ಅಕ್ಷರ ಓದಲು ಬರುತ್ತದೆಯೇ ನೋಡಿ. ಕೆಂಪು ಹಸಿರುಗಳನ್ನೇ ನಂಬಬೇಡಿ. ಅವೆರಡರ ವ್ಯತ್ಯಾಸ ಕಾಣದವರು ಬಹಳ ಜನ. ಗೆರೆಯ ಬಗೆ ಅಥವಾ ಚುಕ್ಕೆಯ ಆಕಾರವನ್ನೂ ಬದಲಿಸಿ.

ಆಮೇಲೆ ವಿಧಾನ ಬರೆಯಿರಿ, ಆಮೇಲೆ ಫಲಿತಾಂಶ, ಆಮೇಲೆ ಚರ್ಚೆ. ಪೀಠಿಕೆ ಅದರ ನಂತರ. ಶೀರ್ಷಿಕೆ ಮತ್ತು ಸಾರಾಂಶ ಕೊನೆಗೆ, ಆದರೆ ಅತಿ ಹೆಚ್ಚು ಸಲ ತಿದ್ದಬೇಕಾದವು ಅವೇ. ವಿಧಾನದ ಭಾಗಕ್ಕೆ ಒಂದೇ ಅಳತೆಗೋಲು: ನಿಮ್ಮನ್ನು ಕೇಳದೆ ಬೇರೊಬ್ಬರು ಅದೇ ಕೆಲಸವನ್ನು ಮತ್ತೆ ಮಾಡಲು ಸಾಧ್ಯವಾಗಬೇಕು.

ಪೀಠಿಕೆಯನ್ನು 'ಅನಾದಿ ಕಾಲದಿಂದಲೂ ಮಾನವ' ಎಂಬಲ್ಲಿಂದ ಶುರು ಮಾಡಬೇಡಿ. ಯಾವ ಪ್ರಶ್ನೆ ತೆರೆದಿದೆ, ಅದು ಯಾಕೆ ಮುಖ್ಯ, ಹಿಂದಿನವರು ಎಲ್ಲಿಗೆ ನಿಂತರು, ನೀವು ಏನು ತೋರಿಸಿದಿರಿ. ಅಷ್ಟು ಸಾಕು. ಸಾರಾಂಶದಲ್ಲಿ ಅಂಕಿ ಇರಲಿ. "ಮಹತ್ವದ ಏರಿಕೆ ಕಂಡುಬಂದಿದೆ" ಎನ್ನುವ ಬದಲು "5 ನ್ಯಾನೋಮೀಟರ್ ದಪ್ಪದಲ್ಲಿ ರೋಧಶೀಲತೆ ಸಿದ್ಧಾಂತ ಹೇಳುವುದರ 1.8 ± 0.1 ಪಟ್ಟು" ಎಂದು ಬರೆಯಿರಿ. 'ಮೊಟ್ಟಮೊದಲ ಬಾರಿಗೆ', 'ಅಭೂತಪೂರ್ವ' ಇಂಥ ಪದಗಳನ್ನು ಹೊಡೆದುಹಾಕಿ. ಅವು ಫಲಿತಾಂಶಕ್ಕೆ ಬಲ ಕೊಡುವುದಿಲ್ಲ, ರೆಫರಿಗೆ ಕೆಲಸ ಕೊಡುತ್ತವೆ. ಭಾಷೆಯಲ್ಲಿ ಸಂಕೋಚ ಇದ್ದರೆ ವಾಕ್ಯಗಳನ್ನು ಚಿಕ್ಕದಾಗಿಡಿ. ವ್ಯಾಕರಣ ಸ್ವಲ್ಪ ಎಡವಿದರೂ ವಾದ ಸ್ಪಷ್ಟವಾಗಿದ್ದರೆ ಪೇಪರ್ ನಿಲ್ಲುತ್ತದೆ.

ಸಾಧನದ ಮಟ್ಟಿಗೆ ಹೇಳುವುದಾದರೆ, ಸಮೀಕರಣಗಳಿದ್ದರೆ ಅವನ್ನು ಅಚ್ಚುಕಟ್ಟಾಗಿ ಜೋಡಿಸುವ ತಂತ್ರಾಂಶವಾದ ಲೇಟೆಕ್ ಕಲಿಯಿರಿ. ಹೆಚ್ಚಿನ ಜರ್ನಲ್‌ಗಳು ತಮ್ಮ ಟೆಂಪ್ಲೇಟ್ ಕೊಡುತ್ತವೆ. 'ಫಿಸಿಕಲ್ ರಿವ್ಯೂ'ನದು ರೆವ್‌ಟೆಕ್. ಬೇರೆಯವರ ಚಿತ್ರ ಬಳಸಿದರೆ ಲಿಖಿತ ಅನುಮತಿ ಬೇಕು. ಬೇರೆಯವರ ವಾಕ್ಯಗಳನ್ನು ನಕಲು ಮಾಡಬಾರದೆಂದು ಎಲ್ಲರಿಗೂ ಗೊತ್ತು. ನಿಮ್ಮದೇ ಹಳೆಯ ಪೇಪರ್‌ನ ಪ್ಯಾರಾಗಳನ್ನು ಹಾಗೇ ಎತ್ತಿ ಹಾಕುವುದನ್ನೂ ಜರ್ನಲ್‌ನ ತಂತ್ರಾಂಶ ಹಿಡಿಯುತ್ತದೆ. ದತ್ತಾಂಶ ಮತ್ತು ಕೋಡ್ ಅನ್ನು ಸರ್ನ್ ನಡೆಸುವ ಝೆನೋಡೋದಂಥ ಭಂಡಾರದಲ್ಲಿಟ್ಟರೆ ಅವಕ್ಕೂ ಡಿಒಐ, ಅಂದರೆ ಬದಲಾಗದ ಡಿಜಿಟಲ್ ಗುರುತು, ಸಿಗುತ್ತದೆ.

ಹಂತ 7: ಪ್ರಿಪ್ರಿಂಟ್

ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಆರಂಭಿಸಿದ ಆರ್ಕೈವ್‌ನಲ್ಲಿ ಭೌತಶಾಸ್ತ್ರಜ್ಞರು ಪೇಪರ್‌ಗಳನ್ನು ಜರ್ನಲ್‌ಗೆ ಮುಂಚೆಯೇ ಎಲ್ಲರಿಗೂ ಸಿಗುವಂತೆ ಇಡುತ್ತಾರೆ. ಭೌತಶಾಸ್ತ್ರದ ಮುಖ್ಯ ಜರ್ನಲ್‌ಗಳು ಇದನ್ನು ಒಪ್ಪುತ್ತವೆ, ಆದರೂ ನಿಮ್ಮದರ ನಿಯಮ ಓದಿಕೊಳ್ಳಿ. ಒಂದು ವಿಭಾಗಕ್ಕೆ ಮೊದಲ ಸಲ ಹಾಕುವಾಗ ಅಲ್ಲಿ ಈಗಾಗಲೇ ಬರೆದಿರುವ ಒಬ್ಬರ ಶಿಫಾರಸು ಸಾಮಾನ್ಯವಾಗಿ ಬೇಕಾಗುತ್ತದೆ. ನಿಮ್ಮ ಗೈಡ್ ಅಥವಾ ಸಹಲೇಖಕರು ಕೊಡಬಹುದು. ಹೊಸ ಆವೃತ್ತಿ ಎಷ್ಟು ಬೇಕಾದರೂ ಸೇರಿಸಬಹುದು, ಆದರೆ ಹಳೆಯದು ಅಳಿಯುವುದಿಲ್ಲ, ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಎಲ್ಲ ಸಹಲೇಖಕರೂ ಕೊನೆಯ ಕರಡು ಓದಿ ಒಪ್ಪಿದ ಮೇಲೆಯೇ ಹಾಕಿ. ನೀವು ಉಲ್ಲೇಖಿಸಲು ಮರೆತವರಿಂದ ಕೆಲವೇ ದಿನಗಳಲ್ಲಿ ಇಮೇಲ್ ಬರಬಹುದು. ಅವರ ಮಾತು ಸರಿಯಿದ್ದರೆ ಸೇರಿಸಿ. ಇದು ರೆಫರಿಗೆ ಮುಂಚಿನ ಒಂದು ಉಚಿತ ಪರಿಶೀಲನೆ.

ಹಂತ 8: ಸಲ್ಲಿಕೆ

ಒಂದು ಸಲಕ್ಕೆ ಒಂದೇ ಜರ್ನಲ್. ಎರಡು ಕಡೆ ಕಳಿಸುವುದು ನೀತಿಭಂಗ, ಸಿಕ್ಕಿಬಿದ್ದರೆ ಎರಡೂ ಕಡೆ ತಿರಸ್ಕಾರ. ಕವರ್ ಲೆಟರ್ ಅರ್ಧ ಪುಟ ಸಾಕು: ಹೇಳಿಕೆ ಏನು, ಈ ಜರ್ನಲ್‌ನ ಓದುಗರಿಗೆ ಅದು ಯಾಕೆ ಬೇಕು. ಸಾರಾಂಶವನ್ನೇ ಮತ್ತೆ ಅಂಟಿಸಬೇಡಿ. ರೆಫರಿಗಳ ಹೆಸರು ಸೂಚಿಸಲು ಕೇಳಿದರೆ ವಿಷಯ ಗೊತ್ತಿರುವ, ನಿಮ್ಮೊಂದಿಗೆ ಕೆಲಸ ಮಾಡದ ಜನರನ್ನು ಸೂಚಿಸಿ. ಹಣಕಾಸಿನ ಅಥವಾ ವೈಯಕ್ತಿಕ ಹಿತಾಸಕ್ತಿ ಇದ್ದರೆ ಮುಚ್ಚಿಡಬೇಡಿ.

ಹಂತ 9: ರೆಫರಿಯನ್ನು ಎದುರಿಸುವುದು

ಮೊದಲು ಸಂಪಾದಕರು ನೋಡುತ್ತಾರೆ. ವಿಷಯ ಜರ್ನಲ್‌ಗೆ ಹೊಂದದಿದ್ದರೆ ರೆಫರಿಗೆ ಕಳಿಸದೆಯೇ ಮರಳಿಸುತ್ತಾರೆ. ಅದು ಬೇಗ ಆಗುವುದರಿಂದ ಸಮಯ ಉಳಿಯಿತೆಂದು ಇನ್ನೊಂದು ಜರ್ನಲ್‌ಗೆ ಹೋಗಿ. ಮುಂದೆ ಹೋದರೆ ಒಬ್ಬರೋ ಇಬ್ಬರೋ ಮೂವರೋ ರೆಫರಿಗಳು ಓದುತ್ತಾರೆ. ಬಹುತೇಕ ಅವರ ಹೆಸರು ನಿಮಗೆ ತಿಳಿಯುವುದಿಲ್ಲ. ವಾರಗಳಿಂದ ಕೆಲವು ತಿಂಗಳವರೆಗೂ ಹಿಡಿಯಬಹುದು.

ವರದಿ ಓದಿದ ದಿನ ಉತ್ತರ ಬರೆಯಬೇಡಿ. 1936ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ನೇಥನ್ ರೋಸನ್ ಗುರುತ್ವ ಅಲೆಗಳೇ ಇಲ್ಲ ಎಂದು ವಾದಿಸುವ ಪೇಪರನ್ನು 'ಫಿಸಿಕಲ್ ರಿವ್ಯೂ'ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ರೆಫರಿಗೆ ಕೊಟ್ಟರು, ರೆಫರಿ ದೋಷ ತೋರಿಸಿದರು. ಅಚ್ಚಾಗುವ ಮುನ್ನ ಬೇರೆಯವರಿಗೆ ತೋರಿಸಲು ನಿಮಗೆ ಅಧಿಕಾರ ಕೊಟ್ಟಿರಲಿಲ್ಲ ಎಂದು ಸಿಟ್ಟಿನಿಂದ ಬರೆದು ಐನ್‌ಸ್ಟೈನ್ ಪೇಪರ್ ಹಿಂದಕ್ಕೆ ಪಡೆದರು. 1937ರಲ್ಲಿ ಅದು 'ಜರ್ನಲ್ ಆಫ್ ದಿ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್'ನಲ್ಲಿ ಬಂದಾಗ ತೀರ್ಮಾನ ತಿರುಗಿಹೋಗಿತ್ತು: ಸಿಲಿಂಡರಿನಾಕಾರದ ಗುರುತ್ವ ಅಲೆಗಳು ಸಮೀಕರಣಕ್ಕೆ ಹೊಂದುತ್ತವೆ. ರೆಫರಿ ಹೋವರ್ಡ್ ಪರ್ಸಿ ರಾಬರ್ಟ್‌ಸನ್ ಎಂದು ಬಹಳ ಕಾಲದ ನಂತರ ಜರ್ನಲ್‌ನ ಹಳೆಯ ದಾಖಲೆಗಳಿಂದ ಖಚಿತವಾಯಿತು. ರಾಬರ್ಟ್‌ಸನ್ ವರದಿಯಲ್ಲಿ ಹೇಳಿದ್ದು ಸರಿಯಾಗಿತ್ತು.

ಎರಡು ದಿನ ಬಿಟ್ಟು ವರದಿಯನ್ನು ಮತ್ತೆ ತೆರೆಯಿರಿ. ಪ್ರತಿ ಟೀಕೆಯನ್ನೂ ಪೂರ್ತಿ ನಕಲಿಸಿ, ಅದರ ಕೆಳಗೆ ಉತ್ತರ, ಅದರ ಕೆಳಗೆ ಪೇಪರ್‌ನಲ್ಲಿ ಎಲ್ಲಿ ಏನು ಬದಲಿಸಿದಿರಿ ಎಂದು ಬರೆಯಿರಿ. ಒಂದು ಮಾದರಿ ಹೀಗಿರಬಹುದು.

ರೆಫರಿ: "ತಾಪಮಾನ ಅಳೆದದ್ದು ಸ್ಯಾಂಪಲ್ ಮೇಲೋ, ಹೋಲ್ಡರ್ ಮೇಲೋ ಸ್ಪಷ್ಟವಿಲ್ಲ. ಎರಡರಲ್ಲಿ ವ್ಯತ್ಯಾಸವಿದ್ದರೆ ಚಿತ್ರ 3ರ ತೀರ್ಮಾನ ನಿಲ್ಲದು."

ಉತ್ತರ: "ಸೆನ್ಸರ್ ಹೋಲ್ಡರ್ ಮೇಲಿತ್ತು, ಕರಡಿನಲ್ಲಿ ಇದನ್ನು ಹೇಳಿರಲಿಲ್ಲ, ತೋರಿಸಿಕೊಟ್ಟದ್ದಕ್ಕೆ ಕೃತಜ್ಞರು. ಸ್ಯಾಂಪಲ್ ಮೇಲೆ ಎರಡನೇ ಸೆನ್ಸರ್ ಕೂರಿಸಿ ಮತ್ತೆ ಅಳೆದಿದ್ದೇವೆ. ವ್ಯತ್ಯಾಸ ಎಲ್ಲಿಯೂ 0.2 ಕೆಲ್ವಿನ್ ಮೀರುವುದಿಲ್ಲ. ಇದನ್ನು ಅನಿಶ್ಚಿತತೆಯ ಪಟ್ಟಿಗೆ ಸೇರಿಸಿದ್ದೇವೆ (ಪುಟ 5, ಪ್ಯಾರಾ 2). ಚಿತ್ರ 3ರ ಎರರ್ ಬಾರ್‌ಗಳು ತುಸು ಹಿಗ್ಗಿವೆ; ತೀರ್ಮಾನ ಬದಲಾಗಿಲ್ಲ."

ಇಲ್ಲಿ ಅಳತೆಯೇ ಉತ್ತರ. ರೆಫರಿ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಬರವಣಿಗೆ ಅದಕ್ಕೆ ಎಡೆ ಕೊಟ್ಟಿದೆ ಎಂದು ತಿಳಿದು ಆ ಸಾಲನ್ನು ತಿದ್ದಿ. ಬೇರೆ ಓದುಗರೂ ಅಲ್ಲೇ ಎಡವುತ್ತಾರೆ. ರೆಫರಿ ನಿಜಕ್ಕೂ ತಪ್ಪಿದ್ದರೆ ಒಪ್ಪಿಕೊಳ್ಳಬೇಕಿಲ್ಲ. ಕಾರಣ, ಲೆಕ್ಕ, ಉಲ್ಲೇಖ ಕೊಟ್ಟು ಸೌಜನ್ಯದಿಂದ ಹೇಳಿ, ತೀರ್ಮಾನ ಸಂಪಾದಕರದ್ದು. ಕೇಳಿದ ಹೊಸ ಪ್ರಯೋಗ ಈ ಹೇಳಿಕೆಗೆ ಅಗತ್ಯವಿಲ್ಲದಿದ್ದರೆ ಹಾಗೆಂದು ವಿವರಿಸಿ, ಬೇಕಿದ್ದರೆ ಹೇಳಿಕೆಯನ್ನೇ ಸ್ವಲ್ಪ ಕಿರಿದು ಮಾಡಿ. ಅರ್ಧ ಜಗಳಗಳು ಹೇಳಿಕೆ ಪುರಾವೆಗಿಂತ ದೊಡ್ಡದಾಗಿರುವುದರಿಂದಲೇ ಹುಟ್ಟುತ್ತವೆ.

ತಿರಸ್ಕಾರವಾದರೆ ವರದಿಯನ್ನು ಬಿಸಾಡದೆ, ತಿದ್ದಬೇಕಾದ್ದನ್ನು ತಿದ್ದಿ ಮುಂದಿನ ಜರ್ನಲ್‌ಗೆ ಕಳಿಸಿ. ಸಣ್ಣ ಕ್ಷೇತ್ರಗಳಲ್ಲಿ ಅದೇ ರೆಫರಿಗೆ ಪೇಪರ್ ಮತ್ತೆ ಹೋಗುವುದುಂಟು, ಏನೂ ಬದಲಾಗದಿದ್ದರೆ ಅವರ ಉತ್ತರವೂ ಬದಲಾಗದು. ಮೇಲ್ಮನವಿಗೆ ಅವಕಾಶವಿದೆ, ರೆಫರಿಯ ಸ್ಪಷ್ಟವಾದ ವೈಜ್ಞಾನಿಕ ತಪ್ಪನ್ನು ತೋರಿಸಬಲ್ಲಿರಾದರೆ ಮಾತ್ರ ಬಳಸಿ.

ಹಂತ 10: ಒಪ್ಪಿಗೆಯ ನಂತರ

ಕೃತಿಸ್ವಾಮ್ಯದ ಹಕ್ಕುಪತ್ರಕ್ಕೆ ಸಹಿ ಹಾಕುವ ಮುನ್ನ ನಿಮ್ಮ ಪುಟದಲ್ಲಿ ಯಾವ ಆವೃತ್ತಿಯನ್ನು ಇಡಬಹುದು ಎಂದು ಓದಿ. ಅಚ್ಚಿನ ಪ್ರೂಫ್ ಬಂದಾಗ ಸಾಮಾನ್ಯವಾಗಿ ಕೆಲವೇ ದಿನಗಳ ಗಡುವು ಇರುತ್ತದೆ. ಪಠ್ಯಕ್ಕಿಂತ ಮೊದಲು ಸಮೀಕರಣಗಳ ಚಿಹ್ನೆ, ಪಟ್ಟಿಯ ಅಂಕಿಗಳು, ಏಕಮಾನಗಳು, ಲೇಖಕರ ಹೆಸರು ಮತ್ತು ಸಂಸ್ಥೆ ನೋಡಿ. ಮೈನಸ್ ಮಾಯವಾಗುವುದು, ಮೈಕ್ರೋ ಹೋಗಿ ಮಿಲಿ ಆಗುವುದು ಈ ಹಂತದಲ್ಲೇ. ಒಬ್ಬರು ಮೂಲ ಕರಡನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಪ್ರೂಫ್ ನೋಡುತ್ತ ಹೋದರೆ ಇವು ಸಿಗುತ್ತವೆ.

ಪ್ರಕಟವಾದ ಮೇಲೆ ಆರ್ಕೈವ್‌ನ ಪುಟಕ್ಕೆ ಜರ್ನಲ್‌ನ ವಿವರ ಮತ್ತು ಡಿಒಐ ಸೇರಿಸಿ. ಮುಂದೆ ತಪ್ಪು ಸಿಕ್ಕಿದರೆ ಮೊದಲು ಸಹಲೇಖಕರಿಗೆ, ಆಮೇಲೆ ಸಂಪಾದಕರಿಗೆ ತಿಳಿಸಿ. ತೀರ್ಮಾನ ಉಳಿಯುವಂಥದ್ದಾದರೆ ಎರೇಟಮ್ (ತಿದ್ದುಪಡಿಯ ಟಿಪ್ಪಣಿ) ಬರೆಯಿರಿ: ಯಾವ ಸಮೀಕರಣ ಅಥವಾ ಚಿತ್ರ ತಪ್ಪು, ಸರಿಯಾದದ್ದು ಏನು, ಅದರಿಂದ ಬದಲಾಗುವ ಅಂಕಿಗಳು ಯಾವುವು. ತೀರ್ಮಾನವೇ ಬಿದ್ದುಹೋಗಿದ್ದರೆ ಪೇಪರನ್ನು ಹಿಂತೆಗೆದುಕೊಳ್ಳುವುದಾಗಿ ನೀವೇ ಸಂಪಾದಕರಿಗೆ ಬರೆಯಿರಿ, ಆರ್ಕೈವ್‌ನ ಪ್ರತಿಗೂ ಅದೇ ಟಿಪ್ಪಣಿ ಸೇರಿಸಿ. ಅದನ್ನು ನಂಬಿ ಮುಂದಿನ ಪ್ರಯೋಗ ಕಟ್ಟುತ್ತಿರುವವರಿಗೆ ಆ ಸುದ್ದಿ ಬೇಗ ಸಿಗಬೇಕು.